ಕೊನೆಯ ಸ್ವರ ಮಾತ್ರ ನನ್ನದು

ನನ್ನ ಹೆಸರು ಹೊತ್ತ ರೆಕಾರ್ಡುಗಳು ನಾಲ್ಕಿವೆ. ಮೊದಲನೆಯದನ್ನು ಜನ ಇಷ್ಟಪಟ್ಟು ಕೊಂಡರು. ಉಳಿದ ಮೂರನ್ನು ಮೊದಲನೆಯದರ ಮುಖ ನೋಡಿ ಕೊಂಡರು. ಆ ಮೊದಲನೆಯದರಲ್ಲಿ ಹನ್ನೆರಡು ಹಾಡುಗಳಿವೆ. ಹನ್ನೊಂದರ ಬಗ್ಗೆ ಇವತ್ತಿನವರೆಗೆ ಯಾರೂ ನನ್ನನ್ನು ಏನೂ ಕೇಳಿಲ್ಲ. ಎಲ್ಲರೂ ಕೇಳುವುದು ಎರಡನೇ ಮಗ್ಗುಲಿನ ಕೊನೆಯಲ್ಲಿರುವ, ಮೂರೆಣಿಕೆಯ ಕುಣಿತದ ಧಾಟಿಯ ವಾಲ್ಟ್ಜ್ ಬಗ್ಗೆ, ‘ಕಡಲಂಚಿನ ದೀಪಗಳು’ ಬಗ್ಗೆ. ಅದು ಮೂರು ನಿಮಿಷ ಹತ್ತು ಸೆಕೆಂಡು ಇದೆ. ಅದರಲ್ಲಿ ನಾನು ನುಡಿಸಿದ್ದು ಕೊನೆಯ ಆರು ಸೆಕೆಂಡು.

ಹೇಳಿಬಿಟ್ಟೆ. ಹನ್ನೊಂದು ವರ್ಷ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿದ್ದ ಮಾತು ಕಾಗದದ ಮೇಲೆ ಇಷ್ಟು ಸಲೀಸಾಗಿ ಇಳಿಯುತ್ತದೆ ಎಂದು ಗೊತ್ತಿದ್ದರೆ ಎಂದೋ ಬರೆಯುತ್ತಿದ್ದೆ ಎನ್ನಬಹುದು. ಸುಳ್ಳು. ಗೊತ್ತಿದ್ದರೂ ಬರೆಯುತ್ತಿರಲಿಲ್ಲ. ನನ್ನ ಪುಕ್ಕಲುತನದ ಪರಿಚಯ ನನಗೆ ಚೆನ್ನಾಗಿದೆ.

ನಾನು ಹೊರೇಸ್ ಆಸ್ಪಿನಾಲ್. ಕಡಲ ದಂಡೆಯ ಊರಾದ ಸ್ಯಾಂಡ್‌ಬೆಕ್‌ನ ಎಂಪ್ರೆಸ್ ಚಿತ್ರಮಂದಿರದಲ್ಲಿ ಇಪ್ಪತ್ತೆರಡು ವರ್ಷ ಆರ್ಗನ್ ನುಡಿಸಿದವನು. ಎರಡು ಚಿತ್ರಗಳ ನಡುವೆ ತೆರೆಯ ಮುಂದಿನ ನೆಲ ಬಾಯಿ ತೆರೆದು, ಬಿಳಿ ಕೋಟಿನ ಮನುಷ್ಯನೊಬ್ಬ ಆರ್ಗನ್ ಸಮೇತ ಲಿಫ್ಟಿನ ಮೇಲೆ ಎದ್ದು ಬರುತ್ತಿದ್ದನಲ್ಲ, ಅವನೇ ನಾನು. ಜನ ಒಂದು ಕೈಯಲ್ಲಿ ಐಸ್‌ಕ್ರೀಮು ಹಿಡಿದು ಇನ್ನೊಂದು ಕೈಯಿಂದ ತೊಡೆಗೆ ಬಡಿದು ಚಪ್ಪಾಳೆ ಎನ್ನಿಸುತ್ತಿದ್ದರು.

ಈ ವಾದ್ಯದಲ್ಲಿ ಒಂದು ಪೀಡೆಯಿದೆ. ನುಡಿಸುವವನು ಕೆಳಗೆ ಕೂತಿರುತ್ತಾನೆ. ಹಾಡುವ ಕೊಳವೆಗಳು ಗೋಡೆಯ ಹಿಂದೆ, ಎರಡಾಳು ಎತ್ತರದ ಕೋಣೆಗಳಲ್ಲಿರುತ್ತವೆ. ಬೆರಳು ಒತ್ತಿದ ಮೇಲೆ ಒಂದು ಚೂರು ತಡವಾಗಿ ನಾದ ಬರುತ್ತದೆ. ಜನಕ್ಕೆ ಕೇಳಿಸುವುದು ನುಡಿಸುವವನಿಗೆ ಎಂದೂ ಕೇಳಿಸುವುದಿಲ್ಲ. ಅದಕ್ಕೇ ರೆಕಾರ್ಡಿಂಗ್ ದಿನ ನಮ್ಮಲ್ಲೊಂದು ರೂಢಿ. ಮೊದಲು ಬದಲಿಯವರು, ಅಂದರೆ ನಮ್ಮ ರಜೆಯ ದಿನ ನುಡಿಸುವವರು, ಕೂತು ಹಾಡನ್ನು ನುಡಿಸಬೇಕು. ಯಜಮಾನ, ಅಂದರೆ ಮುಖ್ಯ ವಾದಕ, ಸಭಾಂಗಣದಲ್ಲಿ ಕೂತು ಕೇಳಿ, ಯಾವ ಸಾಲಿನ ಕೊಳವೆ ಹೆಚ್ಚಾಯಿತು, ಯಾವುದು ಕಮ್ಮಿಯಾಯಿತು ಎಂದು ಗುರುತು ಹಾಕಿಕೊಳ್ಳಬೇಕು. ಆದರೆ ಬದಲಿಯವರು ಹಾಡನ್ನು ಮುಗಿಸುವಂತಿಲ್ಲ. ಕೊನೆಯ ಸ್ವರವನ್ನು ಬಿಟ್ಟು ಕೈ ಎತ್ತಬೇಕು. ಹೆಸರಿಗೆ ಒಂದು ಸ್ವರ, ನಿಜದಲ್ಲಿ ಅದು ಎರಡು ಕೈ, ಎಡಗಾಲು ಒಟ್ಟಿಗೆ ಊರಿ ಹಾಡನ್ನು ಮನೆ ಮುಟ್ಟಿಸುವ ತುಂಬು ನಾದ. ಅದು ಯಜಮಾನನ ಪಾಲು. ಬದಲಿಯವರು ಅದನ್ನು ನುಡಿಸಿದರೆ ಇನ್ನೊಬ್ಬರ ತಟ್ಟೆಗೆ ಕೈ ಹಾಕಿದ ಹಾಗೆ. ಈ ರೂಢಿ ಆರ್ಗನ್ ಮಂದಿಗೆ ಗೊತ್ತು, ಹೊರಗಿನವರಿಗೆ ಗೊತ್ತಿಲ್ಲ. ನನ್ನ ಕಥೆಯೆಲ್ಲ ನಿಂತಿರುವುದು ಈ ಸಂಗತಿಯ ಮೇಲೆ.

ನನ್ನ ಬದಲಿ ಮಿಸ್ ಎಡ್ನಾ ಕ್ಲೆಗ್. ಮೂವತ್ತೈದರ ಆಸುಪಾಸಿನ, ಸಣ್ಣ ಆಳಿನ, ಮೊನಚು ಮಾತಿನ ಹೆಂಗಸು. ವಾರವೆಲ್ಲ ಮಕ್ಕಳಿಗೆ ಪಿಯಾನೋ ಪಾಠ, ಸೋಮವಾರ ಮಧ್ಯಾಹ್ನ ಮಾತ್ರ ಎಂಪ್ರೆಸ್‌ನಲ್ಲಿ ಪಿಂಚಣಿದಾರರ ಆಟಕ್ಕೆ ಆರ್ಗನ್. ಅವಳು ನುಡಿಸುವಾಗ ಮುದುಕಿಯರು ಹೆಣಿಗೆ ನಿಲ್ಲಿಸುತ್ತಿದ್ದರು ಎಂದು ಬಾಗಿಲು ಕಾಯುವವ ಹೇಳುತ್ತಿದ್ದ. ನಾನು ನುಡಿಸುವಾಗ ಯಾರೂ ಹೆಣಿಗೆ ನಿಲ್ಲಿಸಿದ್ದನ್ನು ನಾನು ಕಂಡಿಲ್ಲ. ಆ ಮಾತು ಕೇಳಿ ನನಗೆ ಹೊಟ್ಟೆ ಉರಿದಿತ್ತು.

ಐವತ್ತೆಂಟರ ಮಾರ್ಚ್, ಭಾನುವಾರ, ಬೆಳಗಿನ ಆರು ಗಂಟೆ. ಭಾನುವಾರ ಟ್ರಾಮು ಓಡುವುದು ಒಂಬತ್ತೂವರೆಯಿಂದ. ಅದರ ಗಡಗಡ ಶುರುವಾಗುವ ಮುಂಚೆ ಕೆಲಸ ಮುಗಿಸಬೇಕಿತ್ತು. ಲಂಡನ್ನಿನಿಂದ ಬಂದಿದ್ದ ಪೆಟಿಫರ್ ಎಂಬ ಧ್ವನಿಮುದ್ರಕ ಬೀದಿಯಲ್ಲಿ ನಿಲ್ಲಿಸಿದ ವ್ಯಾನಿನೊಳಗೆ ಕೂತಿದ್ದ. ತಂತಿಗಳು ಹಿಂಬಾಗಿಲಿನಿಂದ ಒಳಗೆ ಬಂದಿದ್ದವು. ಮೈಕುಗಳನ್ನು ಕೊಳವೆ ಕೋಣೆಗಳ ಬಾಯಿಗೇ ಕಟ್ಟಿದ್ದರಿಂದ ಅವನಿಗೆ ನಾವು ಕಾಣುತ್ತಿರಲಿಲ್ಲ, ನಮ್ಮ ಮಾತೂ ಮುಟ್ಟುತ್ತಿರಲಿಲ್ಲ, ಬರೀ ಆರ್ಗನ್ ಕೇಳಿಸುತ್ತಿತ್ತು. ಅವನು ಅಲ್ಲಿಯವರೆಗೆ ಮುದ್ರಿಸಿದ್ದೆಲ್ಲ ಊದುವ ಬ್ಯಾಂಡುಗಳನ್ನೇ. ಆರ್ಗನ್ ಮಂದಿಯ ರೂಢಿ ಅವನಿಗೇನು ಗೊತ್ತು? ನಾನೂ ಹೇಳಲಿಲ್ಲ. ಹೇಳಬೇಕೆಂದು ಹೊಳೆಯಲಿಲ್ಲ.

ಒಳಗೆ ಉಸಿರು ಹೊಗೆಯಾಗುವಷ್ಟು ಚಳಿ. ಎಡ್ನಾ ಬೆರಳ ತುದಿ ಕತ್ತರಿಸಿದ ಉಣ್ಣೆಯ ಗವಸು ಹಾಕಿಕೊಂಡು ಬೆಂಚಿನ ಮೇಲೆ ಕೂತಿದ್ದಳು.

“ಮಿಸ್ ಕ್ಲೆಗ್, ಸುಮ್ನೆ ಅಳತೆಗೆ ಒಂದ್ಸಲ ವಾಲ್ಟ್ಜ್ ನುಡಿಸಿಬಿಡಿ,” ಎಂದು ಬಾಲ್ಕನಿಯಿಂದ ಕೂಗಿದೆ. “ಭಾವ ಗೀವ ಏನೂ ಬೇಡ.”

“ಭಾವ ಮನೇಲೇ ಬಿಟ್ಟು ಬಂದಿದೀನಿ, ಮಿಸ್ಟರ್ ಆಸ್ಪಿನಾಲ್. ಈ ಚಳೀಲಿ ಅದನ್ಯಾಕೆ ಹೊರಗೆ ಕರ್ಕೊಂಡು ಬರ್ಲಿ?”

ಆಮೇಲೆ ನುಡಿಸಿದಳು. ನನ್ನ ಕೈಯಲ್ಲಿ ಪೆನ್ಸಿಲ್ ಇದ್ದದ್ದು ನೆನಪಿದೆ, ಬರೆದದ್ದು ನೆನಪಿಲ್ಲ. ಅದೇ ವಾಲ್ಟ್ಜನ್ನು ನಾನು ಸಾವಿರ ಸಲ ನುಡಿಸಿದ್ದೆ. ಮದುವೆ ಮನೆಯಲ್ಲಿ ನಡುಮನೆಗೆ ನುಗ್ಗುವ ನೆಂಟನ ಹಾಗೆ ನುಡಿಸುತ್ತಿದ್ದೆ. ಅವಳು ಹೊಸ್ತಿಲಲ್ಲೇ ನಿಂತು ಒಳಗಿನವರು ಕರೆಯಲಿ ಎಂದು ಕಾಯುವವಳ ಹಾಗೆ ನುಡಿಸಿದಳು. ಕಾಲಲ್ಲಿ ಒತ್ತುವ ಮೆಟ್ಟುಗೋಲುಗಳ ಮೇಲೆ ಅವಳ ಎಡಗಾಲು ಪ್ರತಿ ಮೊದಲ ತಾಳವನ್ನೂ ಒಂದು ಎಳೆಯಷ್ಟು ತಡೆದು ಇಳಿಸುತ್ತಿತ್ತು. ಅಷ್ಟರಿಂದಲೇ ಹಾಡಿಗೆ ಉಸಿರು ಬಂದಿತ್ತು. ಕೊನೆಗೆ ಬಂದಳು, ಕೊನೆಯ ಸ್ವರದ ಮುಂಚೆ ಕೈ ಎತ್ತಿದಳು. ಖಾಲಿ ಸಭಾಂಗಣ ಆ ಬಾರದ ಸ್ವರಕ್ಕೆ ಕಿವಿಗೊಟ್ಟು ಕೂತಂತಿತ್ತು. ನನ್ನ ಕಣ್ಣು ಒದ್ದೆಯಾಗಿತ್ತು.

“ಹೇಗಿತ್ತು?” ಎಂದು ಕೆಳಗಿನಿಂದ ಕೇಳಿದಳು.

“ಎಡಗೈ ಸ್ವಲ್ಪ ಜೋರಾಯ್ತು,” ಎಂದೆ.

ನಾಚಿಕೆಯ ಕೆಲಸ ಶುರುವಾದದ್ದು ರೆಕಾರ್ಡಿನಿಂದಲ್ಲ, ಆ ಮಾತಿನಿಂದ.

ನನ್ನ ಸರದಿ ಬಂತು. ಹನ್ನೊಂದು ಹಾಡು ಸರಾಗವಾಗಿ ಮುಗಿದವು. ವಾಲ್ಟ್ಜ್ ಮಾತ್ರ ಕೈಗೆ ಹತ್ತಲಿಲ್ಲ. ಅವಳ ಹಾಗೆ ನುಡಿಸಲು ಹೋದೆ, ಅಲ್ಲಿಗೆ ನನ್ನದೂ ಹೋಯಿತು. ಎಂಟು ಗಂಟೆಗೆ ಮಧ್ಯಾಹ್ನದ ಆಟಕ್ಕೆಂದು ಕೆಳಗೆ ಬಾಯ್ಲರ್ ಹೊತ್ತಿಸಿದರು. ಸಭಾಂಗಣ ಬೆಚ್ಚಗಾಯಿತು, ಕೊಳವೆಗಳೂ ಬೆಚ್ಚಗಾಗಿ ಶ್ರುತಿ ಒಂದು ಕೂದಲೆಳೆ ಮೇಲೇರಿತು. ಒಂಬತ್ತನೇ ಪ್ರಯತ್ನ ಮುಗಿದದ್ದೇ ಮೊದಲ ಟ್ರಾಮು ಗಡಗಡ ಎಂದಿತು. ಆ ಒಂಬತ್ತರಲ್ಲಿ ಸರಿಬಂದದ್ದು ಕೊನೆಯ ಸ್ವರವೊಂದೇ.

“ಸಾಕು ಬಿಡಿ ಸರ್,” ಎಂದಿತು ಸ್ಪೀಕರಿನಿಂದ ಪೆಟಿಫರ್‌ನ ದನಿ. “ಇರೋದ್ರಲ್ಲಿ ಏನೋ ಒಂದು ಹೊಂದಿಸ್ಕೋತೀನಿ.”

ಆರು ವಾರಕ್ಕೆ ಅಂಚೆಯಲ್ಲಿ ಮಾದರಿ ರೆಕಾರ್ಡು ಬಂತು, ಜೊತೆಗೆ ಪತ್ರ. ಪೆಟಿಫರ್ ಬರೆದಿದ್ದ: ‘ವಾಲ್ಟ್ಜಿಗೆ ತಮ್ಮ ಮುಂಜಾನೆಯ ಮೊದಲ ಪ್ರಯತ್ನವನ್ನೇ ಬಳಸಿದ್ದೇನೆ. ಅದೃಷ್ಟಕ್ಕೆ ಟೇಪು ಓಡುತ್ತಿತ್ತು. ನಾನು ಇದುವರೆಗೆ ಮುದ್ರಿಸಿದವುಗಳಲ್ಲಿ ಇಷ್ಟು ಚೆಲುವಾದದ್ದು ಇನ್ನೊಂದಿಲ್ಲ. ಏಕೋ ಕೊನೆಯ ಸ್ವರವನ್ನು ನುಡಿಸದೆ ಬಿಟ್ಟಿದ್ದಿರಿ. ಅದನ್ನು ಒಂಬತ್ತನೆಯ ಪ್ರಯತ್ನದಿಂದ ತೆಗೆದು ಅಂಟಿಸಿದ್ದೇನೆ. ಒಪ್ಪಿಗೆಯಿದ್ದರೆ ಜೊತೆಗಿರುವ ಕಾಗದಕ್ಕೆ ಸಹಿ ಮಾಡಿ ಕಳಿಸಿ.’

ಅವನ ತಪ್ಪಿಲ್ಲ. ‘ಇದು ಬದಲಿಯವರು ನುಡಿಸಿದ್ದು’ ಎಂದು ಕೂಗಿ ಹೇಳುವ ಗುರುತನ್ನು ಅವನು ಮರೆವು ಎಂದುಕೊಂಡಿದ್ದ.

ಎರಡು ದಿನ ಆ ಕಾಗದ ಮೇಜಿನ ಮೇಲಿತ್ತು. ರೆಕಾರ್ಡನ್ನು ಹಾಕಿ ಹಾಕಿ ಕೇಳಿದೆ. ಮೂರನೇ ದಿನ ಒಂದು ವಿಚಿತ್ರವಾಯಿತು. ಹೌದು, ಇದು ನಾನು ನುಡಿಸಬಹುದಾಗಿದ್ದದ್ದೇ, ಬಾಯ್ಲರ್ ಹೊತ್ತಿಸದಿದ್ದರೆ ನಾನೂ ಹೀಗೇ ನುಡಿಸುತ್ತಿದ್ದೆ ಎಂದು ಅನ್ನಿಸತೊಡಗಿತು. ಸಹಿ ಮಾಡಿ ಅಂಚೆಗೆ ಹಾಕಿದೆ. ಹಾಕಿ ಬಂದು ಮೀನು-ಚಿಪ್ಸ್ ತಿಂದೆ. ಸೊಗಸಾಗಿ ಹಸಿವಾಗಿತ್ತು, ಅದೂ ನೆನಪಿದೆ.

ರೆಕಾರ್ಡು ಹೊರಬಂದ ಮೇಲೆ ಆದದ್ದು ನಿಮಗೆ ಬೇಡ. ರೇಡಿಯೋ, ಪತ್ರಗಳು, ದೂರದೂರುಗಳಿಂದ ಕರೆ. ಆರ್ಗನ್ ಪ್ರಿಯರ ಮಾಸಪತ್ರಿಕೆಯಲ್ಲಿ ಒಬ್ಬ ವಿಮರ್ಶಕ, ಕೊನೆಯ ಸ್ವರದಲ್ಲಿ ಇಡೀ ಸಭಾಂಗಣವೇ ಒಂದು ಕೂದಲೆಳೆ ಮೇಲೆದ್ದಂತೆ ಭಾಸವಾಗುತ್ತದೆ, ಇದು ಮಹಾ ವಾದಕರಿಗೆ ಮಾತ್ರ ಸಾಧ್ಯವಾಗುವ ಮಾಯೆ ಎಂದು ಬರೆದ. ಆ ಮಾಯೆ ನಮ್ಮ ಬಾಯ್ಲರಿನದು.

ಈ ಗುಟ್ಟನ್ನು ನನ್ನೆದುರು ಮೊದಲು ಎತ್ತಿದವನು ಅಮೋಸ್ ಹಾರ್‌ಗ್ರೀವ್ಸ್. ಎಂಪ್ರೆಸ್‌ನ ಕೊಳವೆಗಳನ್ನು ಶ್ರುತಿ ಮಾಡುತ್ತಿದ್ದ ಮುದುಕ. ನನ್ನನ್ನು ಏಕವಚನದಲ್ಲಿ ಕರೆಯುವ ಹಕ್ಕು ಅವನಿಗಿತ್ತು. ಕೊಳವೆ ಕೋಣೆಯ ಏಣಿಯ ಮೇಲೆ ನಿಂತು ಮಾಂಸದ ಪೈ ತಿನ್ನುತ್ತ ಹೇಳಿದ:

“ನಿನ್ನ ರೆಕಾರ್ಡು ಕೇಳ್ದೆ ಕಣೋ. ವಾಲ್ಟ್ಜು ತಣ್ಣನೆ ಹೊತ್ತಿಂದು. ಕೊನೇ ಸ್ವರ ಬಿಸಿ ಹೊತ್ತಿಂದು.”

ನಾನು ಏಣಿಯ ಕಾಲು ಹಿಡಿದು ನಿಂತೆ.

“ಕೊನೇ ಸ್ವರ ನಿಂದೇ, ಅದ್ರಲ್ಲಿ ಅನುಮಾನ ಇಲ್ಲ. ಕಲ್ಲಿದ್ದಲು ಮೂಟೆ ಇಳಿಸ್ದಂಗೆ ಇಳಿತೀಯ. ಆ ತಣ್ಣನೆ ಹೊತ್ತಲ್ಲಿ ಬೆಂಚಿನ ಮೇಲೆ ಯಾರಿದ್ರು ಅಂತ ನಾನು ಹೇಳ್ಲಾ, ನೀನೇ ಹೇಳ್ತೀಯಾ?”

“ಅಮೋಸ್, ಮೆಲ್ಲಗೆ.”

“ಮೆಲ್ಲಗೇ ಹೇಳ್ತಿದೀನಿ ಮಾರಾಯ. ಜೋರಾಗಿ ಹೇಳ್ಬೇಕಾದೋನು ನೀನು.”

ಅವನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ನನಗೆ ಎಷ್ಟು ಉಪಕಾರವಾಗುತ್ತಿತ್ತು! ಅದಕ್ಕೇ ಹೇಳಲಿಲ್ಲವೇನೋ.

ಆ ವರ್ಷದ ಕೊನೆಗೆ ಎಂಪ್ರೆಸ್‌ನ ಮ್ಯಾನೇಜರು ಸೋಮವಾರದ ಬದಲಿಯನ್ನು ನಿಲ್ಲಿಸಿದ. “ಜನಕ್ಕೆ ಬೇಕಾಗಿರೋದು ಆಸ್ಪಿನಾಲ್. ವಾಲ್ಟ್ಜ್ ನುಡಿಸಿದ ಕೈ ನಮ್ಮಲ್ಲೇ ಇರುವಾಗ ಇನ್ನೊಬ್ರು ಯಾಕ್ರೀ?” ಎಂದ. ನಾನು ಅವನ ಮುಂದೆಯೇ ನಿಂತಿದ್ದೆ. ವಾಲ್ಟ್ಜ್ ನುಡಿಸಿದ ಕೈಯನ್ನೇ ಅವನು ಕೆಲಸದಿಂದ ತೆಗೆಯುತ್ತಿದ್ದ. ನಾನು ನನ್ನ ಬೂಟಿನ ತುದಿ ನೋಡಿದೆ. ಮರುದಿನ ಎಡ್ನಾ ಬಂದು, ಆರ್ಗನ್ ನುಡಿಸುವಾಗ ಹಾಕುವ ತೆಳು ಅಟ್ಟೆಯ ಜೋಡನ್ನು ಕಪಾಟಿನಿಂದ ತೆಗೆದು ಹಳೆಯ ಪತ್ರಿಕೆಯಲ್ಲಿ ಸುತ್ತಿಕೊಂಡಳು.

“ರೆಕಾರ್ಡು ಚೆನ್ನಾಗಿ ಹೋಗ್ತಿದೆಯಂತೆ,” ಎಂದಳು.

“ಹೌದಂತೆ,” ಎಂದೆ.

ಒಂದು ಗಳಿಗೆ ನನ್ನ ಮುಖ ನೋಡಿ ಹೊರಟುಹೋದಳು. ಪಿಯಾನೋ ಪಾಠವೊಂದೇ ಸಾಲದೆ ಸ್ಟೇಷನ್ ರಸ್ತೆಯಲ್ಲಿರುವ ಸೂಜಿ-ದಾರ, ಗುಂಡಿ, ರಿಬ್ಬನ್ನಿನ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು ಎಂದು ಆಮೇಲೆ ಗೊತ್ತಾಯಿತು. ಭಾನುವಾರ ಚಾಪೆಲ್ಲಿನಲ್ಲಿ ಪ್ರಾರ್ಥನೆಗೆ ಹಾರ್ಮೋನಿಯಂ ನುಡಿಸುತ್ತಿದ್ದಳಂತೆ. ಆ ರಸ್ತೆಯಲ್ಲಿ ಓಡಾಡುವುದನ್ನೇ ನಾನು ಬಿಟ್ಟೆ. ಸ್ಟೇಷನ್ನಿಗೆ ಹೋಗಬೇಕಾದರೆ ಕಡಲ ದಂಡೆಯ ಮೇಲೆ ಸುತ್ತಿಕೊಂಡು ಹೋಗುತ್ತಿದ್ದೆ, ಗಾಳಿಗೆ ಟೋಪಿ ಹಾರಿದರೂ ಸರಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನನ್ನದು.

ನಾಲ್ಕು ವರ್ಷದ ಮೇಲೆ, ಅಮೋಸ್‌ನ ಕುಟುಕು ತಾಳಲಾರದೆ, ಒಂದು ಶನಿವಾರ ಅಂಗಡಿಗೆ ಹೋದೆ. ಹೇಳಿಯೇ ಬಿಡುತ್ತೇನೆ ಎಂದು ದಾರಿಯುದ್ದಕ್ಕೂ ಮಾತನ್ನು ಜೋಡಿಸಿಕೊಂಡಿದ್ದೆ. ಒಳಗೆ ಎಡ್ನಾ ಕಟ್ಟೆಯ ಹಿಂದೆ ನಿಂತಿದ್ದಳು. ಕೂದಲು ಅಲ್ಲಲ್ಲಿ ನೆರೆತಿತ್ತು.

“ಏನು ಕೊಡ್ಲಿ, ಮಿಸ್ಟರ್ ಆಸ್ಪಿನಾಲ್?”

“ರಿಬ್ಬನ್,” ಎಂದೆ. ಅದು ನಾನು ಜೋಡಿಸಿಕೊಂಡಿದ್ದ ಮಾತಾಗಿರಲಿಲ್ಲ. “ನೀಲಿ. ಎರಡು ಗಜ.”

ಅವಳು ಸುರುಳಿ ತೆಗೆದು ಕಟ್ಟೆಗೆ ಬಡಿದಿದ್ದ ಹಿತ್ತಾಳೆಯ ಅಳತೆಗೋಲಿಗೆ ಹಚ್ಚಿದಳು. ಅಷ್ಟರಲ್ಲಿ ನೂಲು ಆರಿಸುತ್ತಿದ್ದ ದಪ್ಪನೆಯ ಹೆಂಗಸೊಬ್ಬಳು ನನ್ನನ್ನು ಗುರುತು ಹಿಡಿದಳು.

“ಅಯ್ಯೋ, ನೀವು ಎಂಪ್ರೆಸ್‌ನ ಆಸ್ಪಿನಾಲ್ ಅಲ್ವಾ! ನಮ್ಮಮ್ಮ ಸಾಯೋ ಮುಂಚೆ ಮೂರು ವಾರ ಮಾತೇ ಆಡ್ಲಿಲ್ಲ, ನಿಮ್ಮ ವಾಲ್ಟ್ಜ್ ಹಾಕಿದ್ರೆ ಮಾತ್ರ ಕೈ ಆಡಿಸೋರು. ಮಣ್ಣಿನ ದಿನಾನೂ ಅದನ್ನೇ ಹಾಕಿದ್ವಿ. ದೇವರು ನಿಮ್ಮ ಕೈ ತಣ್ಣಗಿಡ್ಲಿ.”

ಎಡ್ನಾ ತಲೆ ಎತ್ತಲಿಲ್ಲ. ರಿಬ್ಬನ್ ಮೇಲಿದ್ದ ಅವಳ ಬೆರಳು ಮಾತ್ರ ನಿಂತಿತು.

“ತುಂಬಾ ಥ್ಯಾಂಕ್ಸ್,” ಎಂದೆ ನಾನು.

ಆ ಹೆಂಗಸು ಕಣ್ಣೊರೆಸಿಕೊಂಡು ಹೋದಳು. ಅಂಗಡಿಯಲ್ಲಿ ನಾವಿಬ್ಬರೇ ಉಳಿದೆವು. ಎಡ್ನಾ ಎರಡು ಗಜವನ್ನು ಅಳೆದಳು. ಬಿಚ್ಚಿ ಮತ್ತೊಮ್ಮೆ ಅಳೆದಳು. ಕತ್ತರಿ ಹುಡುಕಿದಳು, ಅದು ಅವಳ ಮುಂದೆಯೇ ಇತ್ತು.

“ಎರಡು ಗಜ ಸಾಕಾ? ಇನ್ನೇನಾದ್ರೂ ಇದೆಯಾ?” ಎಂದಳು.

“ಏನೂ ಇಲ್ಲ,” ಎಂದೆ.

ಆ ರಿಬ್ಬನ್ ಈಗಲೂ ನನ್ನ ಮೇಜಿನ ಖಾನೆಯಲ್ಲಿದೆ. ಹೆಂಡತಿಯಿಲ್ಲದ, ಮಗಳಿಲ್ಲದ ಗಂಡಸಿನ ಮನೆಯಲ್ಲಿ ಎರಡು ಗಜ ನೀಲಿ ರಿಬ್ಬನ್.

ಈ ವರ್ಷ ಎಂಪ್ರೆಸ್ ಮುಚ್ಚಿತು. ಅದನ್ನು ಬಿಂಗೋ ಎಂಬ ಅಂಕಿ ಜೂಜು ಆಡಿಸುವ ಜಾಗ ಮಾಡುತ್ತಾರೆ, ಆರ್ಗನ್ನನ್ನು ಬಿಚ್ಚಿ ಮಾರುತ್ತಾರೆ. ಆರ್ಗನ್ ಪ್ರಿಯರ ಸಂಘದವರು ಮೇ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಬೀಳ್ಕೊಡುಗೆಯ ಸಂಗೀತ ಕಚೇರಿ ಇಟ್ಟರು, ಅದನ್ನು ಮುದ್ರಿಸಿ ರೆಕಾರ್ಡು ತರುವುದೆಂದು ನಿಶ್ಚಯಿಸಿದರು. ಸಂಘದ ಕಾರ್ಯದರ್ಶಿ ಡಕ್‌ವರ್ತ್, ಬ್ಯಾಂಕಿನ ಗುಮಾಸ್ತ, ಒಳ್ಳೆಯ ಮನುಷ್ಯ, ಕಿವಿ ಮಾತ್ರ ಮರದ್ದು.

“ಕೊನೇಲಿ ವಾಲ್ಟ್ಜ್ ಇರ್ಲೇಬೇಕು ಸರ್. ರೆಕಾರ್ಡಲ್ಲಿ ಇದೆಯಲ್ಲ, ಥೇಟ್ ಹಾಗೆ,” ಎಂದ.

“ಥೇಟ್ ಹಾಗೆ ನನಗೆ ಬರಲ್ಲ, ಡಕ್‌ವರ್ತ್.”

“ನಿಮ್ಮ ವಿನಯ!” ಎಂದು ನಕ್ಕ.

ಅವತ್ತು ಸಭಾಂಗಣ ಕಿಕ್ಕಿರಿದಿತ್ತು. ಮೂರನೇ ಸಾಲಿನಲ್ಲಿ ಅಮೋಸ್ ಕೂತಿದ್ದ. ಅವನ ಪಕ್ಕದಲ್ಲಿ, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಎಡ್ನಾ ಕ್ಲೆಗ್. ಬೇಕೆಂದೇ ಕರೆತಂದಿದ್ದಾನೆ ಎಂದು ಗೊತ್ತಾಯಿತು. ಒಂದೂವರೆ ಗಂಟೆ ಏನೇನೋ ನುಡಿಸಿದೆ. ವಾಲ್ಟ್ಜಿಗೆ ಮುಂಚೆ ಎದ್ದು ನಿಂತೆ. ಇವತ್ತು ಹೇಳದಿದ್ದರೆ ಈ ಜನ್ಮದಲ್ಲಿ ಹೇಳುವುದಿಲ್ಲ ಎಂದು ಗೊತ್ತಿತ್ತು.

“ಮುಂದಿನ ಹಾಡು,” ಎಂದು ಶುರುಮಾಡಿದೆ. ಎಂಟುನೂರು ಮುಖಗಳು ಪ್ರೀತಿಯಿಂದ ನನ್ನನ್ನೇ ನೋಡುತ್ತಿದ್ದವು. “ಮುಂದಿನ ಹಾಡನ್ನು ಹೀಗೂ ನುಡಿಸಬಹುದು ಅಂತ ನನಗೆ ತೋರಿಸಿಕೊಟ್ಟವರು ಇಲ್ಲೇ ಇದ್ದಾರೆ. ಮಿಸ್ ಎಡ್ನಾ ಕ್ಲೆಗ್.”

ಜನ ಚಪ್ಪಾಳೆ ತಟ್ಟಿದರು. ಹಳೆಯ ಸಹಾಯಕಿಯನ್ನು ಮರೆಯದ ದೊಡ್ಡ ಮನುಷ್ಯ! ಡಕ್‌ವರ್ತ್ ಕನ್ನಡಕ ತೆಗೆದು ಒರೆಸಿಕೊಂಡ. ಅಮೋಸ್ ಛಾವಣಿ ನೋಡಿದ. ನಾನು ಅರ್ಧ ಸತ್ಯ ಹೇಳಿ ಪೂರ್ತಿ ಹೊಗಳಿಕೆ ಗಳಿಸಿದ್ದೆ. ನೆಲ ಬಾಯಿ ತೆರೆಯಬಾರದೇ ಎನ್ನುತ್ತಾರಲ್ಲ, ನಮ್ಮಲ್ಲಿ ಅದಕ್ಕೊಂದು ಗುಂಡಿಯೇ ಇದೆ. ಒತ್ತುವ ಧೈರ್ಯ ಬರಲಿಲ್ಲ.

ಕೂತು ನುಡಿಸಿದೆ. ಚೆನ್ನಾಗಿರಲಿಲ್ಲ, ಆದರೆ ಸುಳ್ಳಾಗಿರಲಿಲ್ಲ; ಅವಳ ಹಾಗೆ ನುಡಿಸಲು ಹೋಗಲಿಲ್ಲ. ಕೊನೆಗೆ ಬಂದೆ. ಕೊನೆಯ ಸ್ವರದ ಮುಂಚೆ ಕೈ ಎತ್ತಿದೆ, ಬೆಂಚಿನಿಂದ ಇಳಿದೆ, ಬದಿಗೆ ನಿಂತೆ.

ಎಂಟುನೂರು ಜನರಿಗೆ ಏನೂ ಅರ್ಥವಾಗಲಿಲ್ಲ. ಮೈ ಸರಿಯಿಲ್ಲವೇನೋ ಎಂದು ಗುಸುಗುಸು ಎದ್ದಿತು. ಅಮೋಸ್ ಮಾತ್ರ ಟೋಪಿ ತೆಗೆದ. ನಾನು ಬದಲಿಯವನು, ಯಜಮಾನರು ಅಲ್ಲಿದ್ದಾರೆ ಎಂದು ಹೇಳಲು ನಮ್ಮ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಮಾತಿಲ್ಲ. ಎಡ್ನಾ ಕೂತೇ ಇದ್ದಳು. ಆಮೇಲೆ ಕೈಚೀಲವನ್ನು ಅಮೋಸ್‌ಗೆ ಕೊಟ್ಟು ಎದ್ದು, ಮೆಟ್ಟಿಲು ಹತ್ತಿ ನನ್ನ ಹತ್ತಿರ ಬಂದಳು.

“ಏನಿದು, ಮಿಸ್ಟರ್ ಆಸ್ಪಿನಾಲ್?” ಎಂದಳು, ನನಗಷ್ಟೇ ಕೇಳುವಂತೆ.

“ಹಾಡು ನಿಮ್ಮದು. ಬನ್ನಿ, ಮುಗಿಸಿ.”

“ಕೊನೇ ಸ್ವರನಾ? ಅದು ನಂದಲ್ಲವಲ್ಲ.”

“ನಿಮಗೆ ಗೊತ್ತಿತ್ತಾ?”

“ನನ್ನ ಎಡಗಾಲು ನನಗೆ ಗೊತ್ತಾಗಲ್ವಾ? ರೇಡಿಯೋದಲ್ಲಿ ಮೊದಲ್ನೇ ದಿನಾನೇ ಗೊತ್ತಾಯ್ತು. ಜೋಡು ತಗೊಂಡು ಹೋಗೋಕೆ ಬಂದಾಗ ಹೇಳ್ತೀರಿ ಅಂದ್ಕೊಂಡೆ. ರಿಬ್ಬನ್ನಿಗೆ ಬಂದಾಗ ಹೇಳ್ತೀರಿ ಅಂದ್ಕೊಂಡೆ. ಎರಡು ಗಜ ಅಳೆಯೋಕೆ ಯಾರಿಗಾದ್ರೂ ಅಷ್ಟು ಹೊತ್ತು ಬೇಕಾ?”

ನಾನು ಬೆಂಚಿನಿಂದ ಇನ್ನಷ್ಟು ಸರಿದು ನಿಂತೆ. “ಈಗಲಾದ್ರೂ ನುಡಿಸಿ,” ಎಂದೆ.

ಅವಳು ಮೆಟ್ಟುಗೋಲುಗಳನ್ನು ನೋಡಿದಳು. ಒಂದು ಗಳಿಗೆ, ಒಂದೇ ಗಳಿಗೆ, ಕೂತುಬಿಡುತ್ತಾಳೆ ಎನ್ನಿಸಿತು.

“ಆ ತಟ್ಟೇಲಿ ನಿಮ್ಮದು ಅಂತ ಇರೋದು ಅದೊಂದೇ. ಅದನ್ನೂ ನಾನು ತಗೊಂಡ್ರೆ ನನಗೂ ನಿಮಗೂ ಏನು ವ್ಯತ್ಯಾಸ? ಕೂತ್ಕೊಂಡು ಬಾರಿಸಿ. ಜನ ಕಾಯ್ತಿದಾರೆ.”

ಹೇಳಿ ಕೆಳಗಿಳಿದು ಹೋದಳು. ನಾನು ಕೂತು ಬಾರಿಸಿದೆ. ಕಲ್ಲಿದ್ದಲು ಮೂಟೆ ಇಳಿಸಿದ ಹಾಗೆ. ಎಂಟುನೂರು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಹೆಂಗಸರು ಅತ್ತರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರೆ. ನನ್ನದು ಆರು ಸೆಕೆಂಡಿಗೆ ಹೋದದ್ದು.

ಇಷ್ಟಕ್ಕೇ ಮುಗಿದಿದ್ದರೆ ಹೇಗೋ ಬದುಕಿಕೊಳ್ಳುತ್ತಿದ್ದೆ. ಹೋದ ಸೋಮವಾರ ಡಕ್‌ವರ್ತ್‌ನ ಪತ್ರ ಬಂತು. ‘ಪೂಜ್ಯರೆ, ಬೀಳ್ಕೊಡುಗೆಯ ಟೇಪು ಕೇಳಿದೆವು. ಕೊನೆಯ ವಾಲ್ಟ್ಜಿನಲ್ಲಿ ಅಂದಿನ ದುಃಖದಿಂದಲೋ ಏನೋ ತಮ್ಮ ಕೈ ಸ್ವಲ್ಪ ಭಾರವಾಗಿದೆ, ನಡುವೆ ದೀರ್ಘ ಮೌನವೂ ಇದೆ. ಆದ್ದರಿಂದ ಆ ಜಾಗಕ್ಕೆ ಹಳೆಯ ರೆಕಾರ್ಡಿನ ವಾಲ್ಟ್ಜನ್ನೇ ಹಾಕಿ, ಅದರ ಹಿಂದೆ ಅಂದಿನ ಚಪ್ಪಾಳೆಯನ್ನು ಅಂಟಿಸಿದ್ದೇವೆ. ಅದ್ಭುತವಾಗಿ ಕೂತಿದೆ. ಒಪ್ಪಿಗೆಯ ಕಾಗದ ಲಗತ್ತಿಸಿದೆ.’

ಮತ್ತೆ ಅದೇ ಮೇಜು, ಅದೇ ಬಗೆಯ ಕಾಗದ, ಸಹಿಗೆ ಅದೇ ಚುಕ್ಕಿಗೆರೆ. ಬರೀ ಹರಿದು ಹಾಕಿದರೆ ಆಗುತ್ತಿತ್ತು. ಆದರೆ ಹರಿದು ಹಾಕುವುದೂ ಸುಮ್ಮನಿರುವುದರ ಇನ್ನೊಂದು ಬಗೆ. ಆ ವಾಲ್ಟ್ಜಿಗೆ ಒಪ್ಪಿಗೆ ಕೊಡುವುದಕ್ಕೆ ನಾನು ಯಾರು? ಹಾಗೆನ್ನಿಸಿದ್ದೇ ತಡ, ಕಾಗದ ಮಡಿಸಿ ಜೇಬಿಗಿಟ್ಟು, ಟೋಪಿ ಹಾಕಿಕೊಂಡು, ದಂಡೆಯ ಸುತ್ತು ದಾರಿ ಬಿಟ್ಟು ನೇರ ಸ್ಟೇಷನ್ ರಸ್ತೆಗೆ ಹೋದೆ.

ಅಂಗಡಿಯ ಬಾಗಿಲ ಗಂಟೆ ಟಿಣ್ ಎಂದಿತು. ಕಟ್ಟೆಯ ಹಿಂದೆ ಎಡ್ನಾ ರಿಬ್ಬನ್ ಅಳೆಯುತ್ತಿದ್ದಳು, ಮುಂದೆ ಸಾಲಾಗಿ ನಾಲ್ವರು ಹೆಂಗಸರು. ಮೂರನೆಯವಳು ಆ ದಪ್ಪನೆಯ ಹೆಂಗಸು, ತಾಯಿಯ ಮಣ್ಣಿಗೆ ವಾಲ್ಟ್ಜ್ ಹಾಕಿಸಿದವಳು. ಹಿಂದಿರುಗಿ ನೋಡಿ, “ಓಹೋ, ಆಸ್ಪಿನಾಲ್ ಸಾಹೇಬ್ರು! ಮೊನ್ನೆ ಆ ವಾಲ್ಟ್ಜ್—” ಎಂದು ಶುರುಮಾಡಿದಳು.

“ಅದನ್ನ ನುಡಿಸಿದ್ದು ನಾನಲ್ಲಮ್ಮ,” ಎಂದೆ. ಇನ್ನಷ್ಟು ಜೋರಾಗಿ ಹೇಳಿದೆ. “ರೆಕಾರ್ಡಲ್ಲಿರೋ ವಾಲ್ಟ್ಜ್ ನುಡಿಸಿದ್ದು ನಾನಲ್ಲ. ಮಿಸ್ ಕ್ಲೆಗ್. ನಿಮ್ಮಮ್ಮ ಕೇಳಿದ್ದು ಇವರ ಕೈ. ಅವತ್ತು ನಾನು ಇದೇ ಜಾಗದಲ್ಲಿ ನಿಂತು ನಿಮ್ಮಿಂದ ಥ್ಯಾಂಕ್ಸ್ ತಗೊಂಡೆ. ಅದು ಕದ್ದಿದ್ದು.”

ಕಾಗದ ತೆಗೆದು ಎಡ್ನಾಳತ್ತ ಚಾಚಿದೆ. “ಮತ್ತೆ ಹಾಕ್ಬೇಕಂತೆ. ಒಪ್ಪಿಗೆ ಕೊಡೋದು, ಬಿಡೋದು ನಿಮ್ಮ ಕೈಲಿದೆ. ಕೊಡೋದಾದ್ರೆ ನಿಮ್ಮ ಹೆಸರಲ್ಲೇ.”

ಆ ದಪ್ಪನೆಯ ಹೆಂಗಸು ನನ್ನನ್ನೊಮ್ಮೆ, ಎಡ್ನಾಳನ್ನೊಮ್ಮೆ ನೋಡಿದಳು. ಅವಳ ಮುಖದಲ್ಲಿದ್ದ ಪ್ರೀತಿ ನನ್ನ ಕಣ್ಣೆದುರಿಗೇ ಇಳಿದುಹೋಯಿತು. ಎಡ್ನಾ ಕೈಯಲ್ಲಿದ್ದ ರಿಬ್ಬನ್ ಬಿಡಲಿಲ್ಲ. ಅವಳ ಗಲ್ಲ ಒಂದು ಚೂರು ಅದುರಿತು, ಅಷ್ಟೆ.

“ಸಾಲಲ್ಲಿ ನಿಂತ್ಕೊಳ್ಳಿ, ಮಿಸ್ಟರ್ ಆಸ್ಪಿನಾಲ್,” ಎಂದಳು. “ಇವ್ರೆಲ್ಲ ನಿಮಗಿಂತ ಮುಂಚೆ ಬಂದೋರು.”

ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, ನಾನು ನಾಲ್ವರ ಹಿಂದೆ ಹೋಗಿ ನಿಂತೆ.